ಥ್ರಿಲ್ಲರ್ ಎಲ್‌ಪಿ: ಐದು ವರ್ಷ ಕೇಳಿದ ಮೇಲೂ ಕೊನೆಯ ಹಾಡಿನದೇ ತಕರಾರು

ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಹೇಗಿದೆ ಅಂತ ಈಗ ವಿಮರ್ಶೆ ಬರೆಯುವುದು, ತಿರುಪತಿ ಲಡ್ಡು ಸಿಹಿಯಾಗಿದೆ ಅಂತ ಬೋರ್ಡು ಹಾಕಿದ ಹಾಗೆ. ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂ, 1984ರಲ್ಲಿ ಒಂದೇ ರಾತ್ರಿ ಮೈಕಲ್‌ಗೆ 8 ಗ್ರ್ಯಾಮಿ, ಇದೆಲ್ಲ ನಿಮಗೆ ಗೊತ್ತು. ನಾನು ಹೇಳಹೊರಟಿದ್ದು ಐದು ವರ್ಷದಿಂದ ನಮ್ಮ ಹಾಲ್‌ನಲ್ಲಿ ತಿರುಗುತ್ತಿರುವ ಕಪ್ಪು ಪ್ಲೇಟಿನ, ಅಂದರೆ ಅದರ ಎಲ್‌ಪಿ ಗ್ರಾಮಫೋನ್ ರೆಕಾರ್ಡಿನ ಕಥೆ.

ಭಾನುವಾರ ಬೆಳಗ್ಗೆ ಎಂಟೂವರೆ. ಎರಡನೇ ಕಾಫಿ ಬೆರೆಸಿಕೊಂಡು ಬಂದು ಪ್ಲೇಟನ್ನು ಕವರಿನಿಂದ ತೆಗೆಯುತ್ತೇನೆ. ಅಂಚು, ನಡುವಿನ ಲೇಬಲ್ ಬಿಟ್ಟು ಬೇರೆಲ್ಲೂ ಬೆರಳು ತಾಗಿಸುವ ಹಾಗಿಲ್ಲ. ತಿರುಗಲು ಬಿಟ್ಟು ಎರಡು ಸುತ್ತು ಬ್ರಷ್ ಹಿಡಿಯುತ್ತೇನೆ. ಆಮೇಲೆ ಮುಳ್ಳು ಇಳಿಸುತ್ತೇನೆ. ಒಂದು ಸಣ್ಣ 'ಟಪ್', ಒಂದೆರಡು ಸೆಕೆಂಡು ಬರೀ ಸರಸರ. ಕವರು ಬಿಡಿಸಿ ತೊಡೆಯ ಮೇಲಿಟ್ಟುಕೊಂಡರೆ ಒಳಗೆ ಬಿಳಿ ಸೂಟಿನ ಮೈಕಲ್, ಜೊತೆಗೊಂದು ಹುಲಿಮರಿ. ಮಗಳು ಚಿಕ್ಕವಳಿದ್ದಾಗ ಆ ಮರಿಗೆ ಹಾಲಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸಲು ನೋಡಿದ್ದಳು. ಕಲೆ ಇನ್ನೂ ಇದೆ.

ಅಮ್ಮನಿಗೆ ಇಂಗ್ಲಿಷ್ ಹಾಡು ಅಂದರೆ ಅಷ್ಟಕ್ಕಷ್ಟೇ. ಆದರೆ ಸೈಡ್ ಎ, ಅಂದರೆ ಪ್ಲೇಟಿನ ಮೊದಲ ಮಗ್ಗುಲು, ಅವಳ ಗಡಿಯಾರ. ನಾನು ಮುಳ್ಳು ಇಡುವಾಗ ಅವಳು ಇಡ್ಲಿ ಪಾತ್ರೆ ಒಲೆಗೆ ಇಡುತ್ತಾಳೆ. ನಾಲ್ಕು ಹಾಡು, 20 ನಿಮಿಷ. ಕೊನೆಗೆ ಹಾರರ್ ಸಿನಿಮಾಗಳ ನಟ ವಿನ್ಸೆಂಟ್ ಪ್ರೈಸ್ ಗಹಗಹಿಸಿ ನಗುತ್ತಾನಲ್ಲ, ಆಗ ಅಡುಗೆಮನೆಯಿಂದ ಕೂಗು ಬರುತ್ತದೆ: "ದೆವ್ವ ನಕ್ಕಾಯ್ತು ಕಣೋ, ಒಬ್ಬೆ ಇಳಿಸಿದೀನಿ, ಬಾ."

ಮೂರನೇ ಹಾಡು, ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ ಜೊತೆಗಿನದು, ನನಗೆ ಆಗಿಬರುವುದಿಲ್ಲ. ಇಬ್ಬರು ದೊಡ್ಡ ಮನುಷ್ಯರು ಒಂದು ಹುಡುಗಿಗಾಗಿ ಸ್ಕೂಲ್ ಹುಡುಗರ ಹಾಗೆ ಕಿತ್ತಾಡುತ್ತಾರೆ. ಈ ಆಲ್ಬಂನಿಂದ ಮೊದಲು ಸಿಂಗಲ್ (ಬಿಡಿ ಹಾಡು) ಆಗಿ ಬಂದದ್ದು ಇದೇ. ಯಾರು ಆರಿಸಿದರೋ! ಫೋನಿನಲ್ಲಾದರೆ ಹಾರಿಸಿಬಿಡುತ್ತೇನೆ. ಇಲ್ಲಿ ಎದ್ದು ಹೋಗಿ, ಮುಳ್ಳು ಎತ್ತಿ, ಮುಂದಿನ ಹಾಡಿನ ಗೆರೆ ಹುಡುಕಬೇಕು. ಯಾರಿಗೆ ಬೇಕು? ಸುಮ್ನೆ ಕೂರುತ್ತೇನೆ.

ಆ ಸೋಮಾರಿತನದಿಂದಲೇ ನನಗೆ ಸಿಕ್ಕಿದ್ದು 'ದಿ ಲೇಡಿ ಇನ್ ಮೈ ಲೈಫ್'. ಸೈಡ್ ಬಿಯ ಐದನೆಯದು, ಇಡೀ ಆಲ್ಬಂನ ಕೊನೆಯ ಹಾಡು. ಕಾಲೇಜಿನಲ್ಲಿ ಕ್ಯಾಸೆಟ್ ಕೇಳುವಾಗ 'ಬೀಟ್ ಇಟ್', 'ಬಿಲ್ಲಿ ಜೀನ್' ಮುಗಿದ ಕೂಡಲೇ ರಿವೈಂಡ್. 'ಬೀಟ್ ಇಟ್'ನಲ್ಲಿ ರಾಕ್ ಕಲಾವಿದ ಎಡ್ಡಿ ವ್ಯಾನ್ ಹೇಲನ್ ನುಡಿಸಿದ ಗಿಟಾರಿಗೆ ತಲೆ ಆಡಿಸುವ ವಯಸ್ಸು, ಕೊನೆಯ ತನಕ ಹೋಗುವ ತಾಳ್ಮೆ ಎಲ್ಲಿತ್ತು? ಈಗ ಇಡ್ಲಿ ತಿಂದು ಕೈ ತೊಳೆಯುವ ಹೊತ್ತಿಗೆ ಅದು ಶುರುವಾಗುತ್ತದೆ. ನಿಧಾನದ ಹಾಡು. ಮೊದಲರ್ಧ ತಗ್ಗಿದ ದನಿ. ಕೊನೆಕೊನೆಗೆ ಒಂದೇ ಮಾತನ್ನು ಹಿಡಿದುಕೊಂಡು ಬೇಡುತ್ತಾ, ಕೊಸರುತ್ತಾ, ಆಲಾಪದ ಹಾಗೆ ಹೋಗುತ್ತಾನೆ. 'ಬಿಲ್ಲಿ ಜೀನ್'ನ ಬಿಕ್ಕಳಿಕೆಯೂ ಇಲ್ಲ, ಕಿರುಚಾಟವೂ ಇಲ್ಲ.

ಮತ್ತೆ ಈ ಪ್ಲೇಟಿನಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಕೇಳಿಸುವುದೂ ಇದೇ ಹಾಡು. 'ಸ', 'ಶ' ಬಂದಲ್ಲೆಲ್ಲ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ 'ಚುಂಯ್' ಅನ್ನುತ್ತದೆ. ನನ್ನ ಪ್ರತಿಯೇ ಹಾಳು ಅಂದುಕೊಂಡೆ. ಮೊದಲು ತರಿಸಿದ್ದು ಹಪ್ಪಳದ ಹಾಗೆ ಸೊಟ್ಟಗಾಗಿ ಬಂದಿತ್ತು. ವಾಪಸ್ ಕೊಡಲು ಮೂರು ವಾರ ಜಗಳ ಆಡಿದ್ದೆ (ಅಂಗಡಿ ಹೆಸರು ಬೇಡ ಬಿಡಿ). ಇದು ಎರಡನೆಯದು. ಹೊಸ ಮುಳ್ಳಿಗೆ ಮತ್ತೆ ಎರಡೂವರೆ ಸಾವಿರ ಸುರಿದೆ. ಹಳೇ ರೇಡಿಯೊ ರಿಪೇರಿಯವರೊಬ್ಬರು ತೋಳಿನ ಭಾರ, ಮುಳ್ಳಿನ ಕೋನ ಎರಡೂ ಸರಿ ಮಾಡಿದರು. ಅರ್ಧ ಕಡಿಮೆಯಾಯಿತು. "ಉಳಿದರ್ಧ ಹೋಗಲ್ಲ ಸರ್, ಪ್ಲೇಟಿನ ಹುಟ್ಟುಗುಣ ಅದು" ಅಂದರು. ಎಲ್‌ಪಿ ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಒಂದು ಸುತ್ತು ಅಂದರೆ ಹಾಡು ಕೊರೆದ ಗೆರೆ ಸುಮಾರು 90 ಸೆಂ.ಮೀ. ಲೇಬಲ್ ಹತ್ತಿರ ಅದು 40ರ ಆಸುಪಾಸು. ಅಷ್ಟೇ ಹೊತ್ತಿನ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗಕ್ಕೆ ತುರುಕಬೇಕು. ಇಕ್ಕಟ್ಟಿನಲ್ಲಿ ಮುಳ್ಳು ತಡವರಿಸುತ್ತದೆ.

ಸಿಟ್ಟಿನಲ್ಲಿ ಓದುತ್ತಾ ಹೋದಾಗ ಗೊತ್ತಾಯಿತು, ಈ ಜಾಗದ ಗಲಾಟೆ 1982ರಲ್ಲೇ ಆಗಿತ್ತು. ಆಲ್ಬಂ ಮುಗಿಯಿತು ಅಂತ ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿ ಎಲ್ಲರೂ ಕೂತು ಕೇಳಿದರೆ ಸದ್ದು ತೆಳ್ಳಗೆ ಬಂತಂತೆ. ಒಂದೊಂದು ಸೈಡಿಗೂ ಜಾಸ್ತಿ ನಿಮಿಷ ತುಂಬಿದ್ದರು. ಗೆರೆಗಳು ಸಣ್ಣಗಾಗಿ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಸೊರಗಿತ್ತು. ಮೈಕಲ್ ಅತ್ತೇಬಿಟ್ಟ. ನಿರ್ಮಾಪಕ ಕ್ವಿನ್ಸಿ ಜೋನ್ಸ್ ಮತ್ತು ತಂಡದವರು ದಿನಕ್ಕೊಂದು ಹಾಡಿನ ಲೆಕ್ಕದಲ್ಲಿ ಮತ್ತೆ ಮಿಕ್ಸ್ ಮಾಡಿದರು, ಅಂದರೆ ದನಿ, ವಾದ್ಯಗಳನ್ನು ಹೊಸದಾಗಿ ಹದವಾಗಿ ಬೆರೆಸಿದರು. 'ಬಿಲ್ಲಿ ಜೀನ್'ನ ಶುರುವಿನ ವಾದ್ಯಭಾಗಕ್ಕೆ ಕತ್ತರಿ ಬಿತ್ತು. 'ಲೇಡಿ' ಬರೆದ ರಾಡ್ ಟೆಂಪರ್ಟನ್ ತನ್ನ ಹಾಡಿನದೇ ಒಂದು ಚರಣ ತೆಗೆದುಹಾಕಿದ. ಪಾಪದ್ದು, ಚರಣವೂ ಹೋಯಿತು, ಸಿಕ್ಕಿದ್ದೂ ಮೂಲೆಯೇ.

ಇದನ್ನು ಓದಿದ ಮೇಲೆ ಕೋಪ ಸ್ವಲ್ಪ ಇಳಿಯಿತು. 'ಬಿಲ್ಲಿ ಜೀನ್'ನ ಡ್ರಮ್ಮು, ಬೇಸು ನಮ್ಮ ಹಾಲ್‌ನಲ್ಲಿ ಎದೆಗೆ ಬಂದು ಬಡಿಯುವುದು ಆ ಕತ್ತರಿಯಿಂದಲೇ ತಾನೆ. 'ಲೇಡಿ'ಯನ್ನು ಮಾತ್ರ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳುತ್ತೇನೆ. ಒಂದು ಅಕ್ಷರವೂ ಸುಡುವುದಿಲ್ಲ. "ಅಷ್ಟು ದುಡ್ಡು ಹಾಕಿ ಪ್ಲೇಟು ತಂದು ಕೊನೆಗೆ ಫೋನಲ್ಲೇ ಕೇಳ್ತೀರಲ್ರೀ" ಅಂತ ಹೆಂಡತಿ ಅನ್ನುತ್ತಾಳೆ. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಬರೀ ಹಾಡು ಕೇಳಬೇಕು ಅನ್ನುವವರು ಇದಕ್ಕೆ ದುಡ್ಡು ಸುರಿಯಬೇಡಿ. ನನ್ನ ಹಾಗೆ ಭಾನುವಾರಕ್ಕೊಂದು ನೆಪ ಬೇಕಿದ್ದರೆ, ಹಳೇ ಪ್ರತಿಯಾದರೂ ನಡೆಯುತ್ತದೆ. ಅಂಗಡಿಯಲ್ಲಿ ಎಲ್ಲರೂ 'ಬಿಲ್ಲಿ ಜೀನ್' ಹಾಕಿ ತೋರಿಸುತ್ತಾರೆ. ಸುಮಾರಾಗಿ ಸವೆದ ಪ್ಲೇಟಿನಲ್ಲೂ ಅದು ಚೆನ್ನಾಗೇ ಕೇಳಿಸುತ್ತದೆ. ಸೈಡ್ ಬಿ, ಕೊನೆಯ ಹಾಡು, ಕೊನೆಯ ಎರಡು ನಿಮಿಷ ಹಾಕಿ ಅನ್ನಿ. ಆಮೇಲೆ ಚೌಕಾಸಿ ಶುರುಮಾಡಿ.