ಇಳಿಜಾರು, ಸ್ಪ್ರಿಂಗ್ ಗನ್, ಮೊಬೈಲ್: ಪ್ರೊಜೆಕ್ಟೈಲ್ ಪ್ರಯೋಗ ಎಲ್ಲೆಲ್ಲಿ ತಪ್ಪುತ್ತದೆ?

ಪ್ರೊಜೆಕ್ಟೈಲ್ ಪ್ರಯೋಗದ, ಅಂದರೆ ಹಾರಿಸಿದ ವಸ್ತು ಬಾಗುತ್ತಾ ಹೋಗಿ ಎಲ್ಲಿ ಬೀಳುತ್ತದೆ ಅಂತ ಅಳೆಯುವ ಪ್ರಯೋಗದ ರೆಕಾರ್ಡ್ ಯಾವುದನ್ನೇ ತೆರೆಯಿರಿ, ಕೊನೆಗೆ ಎರಡು ಮಾತು ಖಾಯಂ. ಒಂದು ‘ಗಾಳಿಯ ತಡೆ’, ಇನ್ನೊಂದು ‘ಮನುಷ್ಯ ಸಹಜ ದೋಷ’. ಎರಡನೆಯದರಿಂದ ಏನೂ ತಿಳಿಯುವುದಿಲ್ಲ. ಮೊದಲನೆಯದು ಬಹುತೇಕ ಸಲ ನಿಜವೇ ಅಲ್ಲ. ಮೇಜಿನಿಂದ ಬೀಳುವ ಎರಡು ಸೆಂಟಿಮೀಟರ್ ದಪ್ಪದ ಉಕ್ಕಿನ ಗುಂಡಿನ ಮೇಲೆ ಗಾಳಿಯ ತಡೆ ಅದರ ತೂಕದ ಶೇ. 1ರಷ್ಟೂ ಇರುವುದಿಲ್ಲ. ಅದೇ ಜಾಗದಲ್ಲಿ 2.7 ಗ್ರಾಂ ತೂಗುವ ಟೇಬಲ್ ಟೆನಿಸ್ ಚೆಂಡು ಬಿಟ್ಟರೆ, ನೆಲ ಮುಟ್ಟುವ ಹೊತ್ತಿಗೆ ತಡೆ ತೂಕದ ಐದನೇ ಒಂದು ಪಾಲು ದಾಟುತ್ತದೆ. ಚೆಂಡು ಯಾವುದು ಅಂತ ಹೇಳದೆ ಗಾಳಿಯನ್ನು ಬೈದರೆ ಹೇಗೆ?

ಪಿಯುಸಿ ಮಕ್ಕಳ ಜೊತೆ ಈ ಪ್ರಯೋಗವನ್ನು ಮೂರು ಬಗೆಯಲ್ಲಿ ಮಾಡಿಸಿ ನೋಡಿದ್ದೇನೆ: ಇಳಿಜಾರಿನಲ್ಲಿ ಗುಂಡು ಉರುಳಿಸಿ ಮೇಜಿನಿಂದ ಬೀಳಿಸುವುದು, ಸ್ಪ್ರಿಂಗ್ ಗನ್ನಿನಿಂದ ಹಾರಿಸುವುದು, ಮೊಬೈಲಿನಲ್ಲಿ ವಿಡಿಯೊ ಮಾಡಿ ಅಳೆಯುವುದು. ಮೂರೂ ತಪ್ಪುತ್ತವೆ. ಆದರೆ ಮೂರೂ ಒಂದೇ ತರ ತಪ್ಪುವುದಿಲ್ಲ.

ಇಳಿಜಾರಿನದ್ದು ವಿಚಿತ್ರ. ನೆಲಕ್ಕೆ ಕಾರ್ಬನ್ ಪೇಪರ್ ಅಂಟಿಸಿ ಗುಂಡು ಬಿಡುತ್ತಾ ಹೋದರೆ ಗುರುತುಗಳೆಲ್ಲ ಒಂದೇ ಕಡೆ ಗುಂಪಾಗಿ ಬೀಳುತ್ತವೆ. ಮಕ್ಕಳಿಗೆ ಖುಷಿ. ಲೆಕ್ಕಕ್ಕೆ ಕೂತಾಗ ಆ ಗುಂಪೇ ತಪ್ಪು ಜಾಗದಲ್ಲಿರುತ್ತದೆ. ಇಳಿಜಾರಿನ ಎತ್ತರ 20 ಸೆಂ.ಮೀ., ಮೇಜು 75 ಸೆಂ.ಮೀ. ಅಂದುಕೊಳ್ಳಿ. ಸ್ಥಿತಿಶಕ್ತಿಯೆಲ್ಲ ವೇಗಕ್ಕೇ ಹೋಯಿತು ಅಂತ ಲೆಕ್ಕ ಹಾಕಿದರೆ ಗುಂಡು 77 ಸೆಂ.ಮೀ. ದೂರ ಬೀಳಬೇಕು. ಆದರೆ ಗುಂಡು ಜಾರುವುದಿಲ್ಲ, ಉರುಳುತ್ತದೆ. ಶಕ್ತಿಯ ಒಂದು ಪಾಲು ಸುತ್ತುವುದಕ್ಕೇ ಖರ್ಚು. ಚಪ್ಪಟೆ ಹಲಗೆಯಾದರೆ ಲೆಕ್ಕ 65 ಸೆಂ.ಮೀ.ಗೆ ಇಳಿಯುತ್ತದೆ. ನಾವು ಹಾರ್ಡ್‌ವೇರ್ ಅಂಗಡಿಯಿಂದ ತರುವ ಅಲ್ಯೂಮಿನಿಯಂ ಆಂಗಲ್ (L ಆಕಾರದ ಪಟ್ಟಿ) ಇನ್ನೂ ಮೋಸ. ಅದರಲ್ಲಿ ಗುಂಡು ತನ್ನ ಎರಡು ಪಕ್ಕಗಳ ಮೇಲೆ ಕೂತು ಉರುಳುತ್ತದೆ, ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ಸುತ್ತುತ್ತದೆ. ಅಂಚಿನ ಕೋನ 90 ಡಿಗ್ರಿ ಇದ್ದರೆ ಲೆಕ್ಕ ಸುಮಾರು 58 ಸೆಂ.ಮೀ. ಮಾತ್ರ. ಒಂದೇ ಎತ್ತರ, ಒಂದೇ ಗುಂಡು, ಹತ್ತೊಂಬತ್ತು ಸೆಂಟಿಮೀಟರ್ ವ್ಯತ್ಯಾಸ!

ಗೆಲಿಲಿಯೊ 1608ರ ಸುಮಾರಿಗೆ ಮಾಡಿದ್ದೂ ಇದೇ ಪ್ರಯೋಗ. ಅವನ ಟಿಪ್ಪಣಿ ಹಾಳೆಯಲ್ಲಿ ಮೇಜಿನ ಎತ್ತರ 828 ಪುಂಟಿ (ಅವನು ಬಳಸಿದ ಉದ್ದದ ಅಳತೆ, ಒಂದು ಪುಂಟಿ ಸುಮಾರು ಒಂದು ಮಿಲಿಮೀಟರ್), ಇಳಿಜಾರು 300, ಗುಂಡು ಬಿದ್ದ ದೂರ 800. ಜಾರುವ ಲೆಕ್ಕಕ್ಕೆ 997 ಬರಬೇಕಿತ್ತು. ಚಪ್ಪಟೆ ಹಲಗೆಗೆ 842, ಆಂಗಲ್‌ಗೆ 743. ಅವನ ಅಳತೆ ಈ ಎರಡರ ನಡುವೆ ಕೂತಿದೆ. ನಮ್ಮ ಮಕ್ಕಳಿಗೆ ಇದಕ್ಕಿಂತ ಸಮಾಧಾನ ಬೇಕಾ?

ಉಳಿದ ದೋಷಗಳು ಇದರ ಮುಂದೆ ಸಣ್ಣವು. ಇಳಿಜಾರಿನ ತುದಿ ಒಂದು ಡಿಗ್ರಿ ಮೇಲೆದ್ದಿದ್ದರೆ ಅರ್ಧ ಸೆಂಟಿಮೀಟರ್ ಜಾಸ್ತಿ. ಮೇಜಿನ ಎತ್ತರ ಅಳೆಯುವಾಗ ಒಂದು ಸೆಂಟಿಮೀಟರ್ ತಪ್ಪಿದರೂ ಹೆಚ್ಚುಕಡಿಮೆ ಅಷ್ಟೇ. ಬೆರಳಲ್ಲಿ ಹಿಡಿದು ಬಿಟ್ಟರೆ ಸ್ವಲ್ಪ ತಳ್ಳಿದಂತಾಗುತ್ತದೆ, ಅದಕ್ಕೆ ಗುಂಡಿನ ಮುಂದೆ ಸ್ಕೇಲು ಅಡ್ಡ ಇಟ್ಟು ತಟ್ಟನೆ ತೆಗೆಯಬೇಕು. ಎರಡನೇ ಪುಟಿತದ ಗುರುತನ್ನು ಲೆಕ್ಕಕ್ಕೆ ಸೇರಿಸಬಾರದು, ಇಷ್ಟೇ.

ಸ್ಪ್ರಿಂಗ್ ಗನ್ನಿನ ಕತೆ ತದ್ವಿರುದ್ಧ. ಇಲ್ಲಿ ಗುರುತುಗಳು ಚೆಲ್ಲಾಪಿಲ್ಲಿ. ಗುಂಡು ಹೊರಟ ಮಟ್ಟದಲ್ಲೇ ಬಿದ್ದರೆ ದೂರವು ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಸ್ಪ್ರಿಂಗ್ ಒಂದು ಸಲ ವೇಗದಲ್ಲಿ ಶೇ. 5 ಆಚೀಚೆ ಮಾಡಿದರೆ ದೂರದಲ್ಲಿ ಶೇ. 10 ಹೋಯಿತು. ಗನ್ನನ್ನು ನೆಟ್ಟಗೆ ಮಾಡಿದಷ್ಟೂ ಸ್ಪ್ರಿಂಗ್ ಗುಂಡಿನ ಭಾರವನ್ನೂ ಎತ್ತಬೇಕು, ಹೊರಡುವ ವೇಗ ತುಸು ಇಳಿಯುತ್ತದೆ. ಕೋನದ ದೋಷ ಮಾತ್ರ ಎಲ್ಲ ಕಡೆ ಒಂದೇ ತರ ಕಾಡುವುದಿಲ್ಲ. ಹೊರಟ ಮಟ್ಟದಲ್ಲೇ ಬೀಳುವುದಾದರೆ, 45 ಡಿಗ್ರಿಯ ಹತ್ತಿರ ಎರಡು ಡಿಗ್ರಿ ತಪ್ಪಿದರೂ ದೂರ ಶೇ. 0.25ರಷ್ಟು ಮಾತ್ರ ಬದಲಾಗುತ್ತದೆ. 20 ಡಿಗ್ರಿಯಲ್ಲಿ ಅದೇ ಎರಡು ಡಿಗ್ರಿಗೆ ಶೇ. 8 ಬೆಲೆ ತೆರಬೇಕು.

ಮೊಬೈಲ್ ವಿಡಿಯೊ ನೋಡೋಕೆ ಚೆಂದ. ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿದರೆ ನುಣುಪಾದ ಪ್ಯಾರಾಬೋಲಾ ಬರುತ್ತದೆ. ನನಗೆ ಅನುಮಾನ ಹುಟ್ಟುವುದೇ ಅಲ್ಲಿ. ಮೀಟರ್ ಸ್ಕೇಲನ್ನು ಗೋಡೆಗೆ ಒರಗಿಸಿ, ಗುಂಡನ್ನು ಗೋಡೆಯಿಂದ 20 ಸೆಂ.ಮೀ. ಮುಂದೆ ಹಾರಿಸಿ, ಮೊಬೈಲನ್ನು ಗುಂಡಿನಿಂದ ಎರಡು ಮೀಟರ್ ದೂರ ಇಟ್ಟರೆ ಸ್ಕೇಲು ಚಿಕ್ಕದಾಗಿ ಕಾಣುತ್ತದೆ. ಎಲ್ಲ ದೂರವೂ ಶೇ. 10 ಹಿಗ್ಗುತ್ತದೆ. ಬೆಂಗಳೂರಿನಲ್ಲಿ ಸುಮಾರು 9.78 ಇರಬೇಕಾದ ಗುರುತ್ವ ವೇಗೋತ್ಕರ್ಷ 10.8 ಆಗುತ್ತದೆ, ಗ್ರಾಫಿನ ಅಂದ ಕಿಂಚಿತ್ತೂ ಕೆಡುವುದಿಲ್ಲ. ಟ್ಯೂಬ್‌ಲೈಟ್ ಬೆಳಕಿನ ಕೋಣೆಯಲ್ಲಿ ಇನ್ನೊಂದು ಕಾಟ. ಶಟರ್ ಸೆಕೆಂಡಿನ 60ನೇ ಒಂದು ಪಾಲು ತೆರೆದಿದ್ದರೆ, ಸೆಕೆಂಡಿಗೆ 4 ಮೀಟರ್ ಓಡುವ ಗುಂಡು ಆರೇಳು ಸೆಂಟಿಮೀಟರ್ ಉದ್ದದ ಬಾಲವಾಗಿ ಮೂಡುತ್ತದೆ. ಅದರ ಮಧ್ಯ ಎಲ್ಲಿ ಅಂತ ಕ್ಲಿಕ್ ಮಾಡೋದು? ಬಿಸಿಲಿಗೆ ಹೋದರೆ ಶಟರ್ ತಾನಾಗಿ ಚುರುಕಾಗುತ್ತದೆ, ಬಾಲ ಮೊಟಕಾಗುತ್ತದೆ. ಸ್ಲೋ ಮೋಷನ್ ಹುಷಾರು: 240 ಫ್ರೇಮಿನ ವಿಡಿಯೊವನ್ನು ತಂತ್ರಾಂಶ 30 ಎಂದು ಓದಿದರೆ ಗುರುತ್ವ 64 ಪಟ್ಟು ಕಡಿಮೆಯಾಗಿ 0.15ಕ್ಕೆ ಬಂದು ನಿಲ್ಲುತ್ತದೆ. ಇದಾದರೂ ಪರವಾಗಿಲ್ಲ, ತಪ್ಪು ಕಣ್ಣಿಗೆ ಹೊಡೆಯುತ್ತದೆ. 10.8 ಹಾಗಲ್ಲ.

ಒಂದೇ ಪೀರಿಯಡ್ ಸಿಕ್ಕರೆ ನನ್ನ ಆಯ್ಕೆ ಇಳಿಜಾರು. ಅದರ ತಪ್ಪು ದೊಡ್ಡದು ನಿಜ, ಆದರೆ ಯಾವಾಗಲೂ ಒಂದೇ ದಿಕ್ಕಿನಲ್ಲಿ ಇರುತ್ತದೆ. ಕಾರಣವನ್ನು ಹುಡುಗರೇ ಹುಡುಕಬಹುದು, ಸರಿಪಡಿಸಲೂಬಹುದು. ಎರಡು ಪೀರಿಯಡ್ ಇದ್ದರೆ ವಿಡಿಯೊವನ್ನೂ ಸೇರಿಸುತ್ತೇನೆ, ಸ್ಕೇಲನ್ನು ಗುಂಡು ಹಾರುವ ನೇರಕ್ಕೇ ನಿಲ್ಲಿಸಿ. ಸ್ಪ್ರಿಂಗ್ ಗನ್ನನ್ನು ಈಗ 30 ಮತ್ತು 60 ಡಿಗ್ರಿಗೆ ದೂರ ಒಂದೇ ಅನ್ನುವುದನ್ನು ತೋರಿಸಲು ಮಾತ್ರ ಇಟ್ಟುಕೊಂಡಿದ್ದೇನೆ. ಅದಕ್ಕೂ ಗುಂಡು ಬೀಳುವ ಜಾಗ ಗನ್ನಿನ ಬಾಯಿಯಷ್ಟೇ ಎತ್ತರದಲ್ಲಿ ಇರಬೇಕು. 75 ಸೆಂ.ಮೀ. ಮೇಜಿನಿಂದ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನೆಲಕ್ಕೆ ಹಾರಿಸಿದರೆ 30ಕ್ಕೆ 1.49 ಮೀಟರ್, 60ಕ್ಕೆ 1.11 ಮೀಟರ್ ಬರುತ್ತದೆ.