ಮನೆಯಲ್ಲೇ ಸ್ಕೇಟ್‌ಗೆ ಸಾಣೆ: ಸ್ಪಾರ್ಕ್ಸ್ ಮೆಷಿನ್ ಯಾರಿಗೆ ಬೇಕು, ಯಾರಿಗೆ ಬೇಡ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇಬ್ಬರು ಮಕ್ಕಳು ಐಸ್ ಹಾಕಿ ಆಡುತ್ತಿದ್ದಾರೆ, ಇನ್ನೂ ಮೂರು ನಾಲ್ಕು ವರ್ಷ ಬಿಡುವ ಲಕ್ಷಣ ಕಾಣುತ್ತಿಲ್ಲ ಅಂದರೆ ಸ್ಕೇಟ್ ಬ್ಲೇಡಿಗೆ ಮನೆಯಲ್ಲೇ ಸಾಣೆ ಹಿಡಿಯುವ ಈ ಸ್ಪಾರ್ಕ್ಸ್ ಮೆಷಿನ್ ತಗೊಳ್ಳಿ. ಒಂದೇ ಮಗು, ಅದೂ ಮೊದಲ ವರ್ಷ ಅಂದರೆ ಈಗಲೇ ಬೇಡ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಇಲ್ಲಿ ಕೆನಡಾದ ಟೊರಾಂಟೊ ಸುತ್ತಲಿನ ಮಿಸ್ಸಿಸ್ಸಾಗ, ಬ್ರಾಂಪ್ಟನ್, ಮಿಲ್ಟನ್ ಕಡೆಯ ನಮ್ಮವರು ಸುಮಾರು ಜನ ನನ್ನನ್ನು ಇದನ್ನೇ ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದರೆ ಒಳ್ಳೆಯದು ಅನ್ನಿಸಿತು.

ನಾವು ಊರಲ್ಲಿ ಐಸ್ ನೋಡಿದ್ದು ಫ್ರಿಜ್‌ನಲ್ಲಿ ಮಾತ್ರ ಅಲ್ವಾ. ಹಾಗಾಗಿ ಸ್ಕೇಟ್ ಶೂವಿನ ಅಡಿಯ ಬ್ಲೇಡ್ ಅಂದರೆ ಚಾಕು ತರ ಒಂದೇ ಚೂಪಾದ ಅಂಚು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಬ್ಲೇಡಿನ ದಪ್ಪ ಹೆಚ್ಚು ಕಡಿಮೆ 3 ಮಿಲಿಮೀಟರ್. ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆದಿರುತ್ತಾರೆ. ಆ ತೋಡಿನ ಎರಡು ಪಕ್ಕ ಎರಡು ಅಂಚು. ಒಳಗಿನ ಅಂಚು, ಹೊರಗಿನ ಅಂಚು. ಮಗು ತಿರುಗುವುದು, ನಿಲ್ಲುವುದು, ಜಿಗಿದು ಓಡುವುದು ಎಲ್ಲಾ ಈ ಎರಡು ಅಂಚಿನ ಮೇಲೆ. ನಮ್ಮ ಮಾವ ಕೊಡಗಿನವರು, ಹುಲ್ಲಿನ ಮೇಲಿನ ಹಾಕಿಯಲ್ಲೇ ಬೆಳೆದವರು, 1997ರಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗಿನಿಂದ ಅದರ ಬಗ್ಗೆ ಮಾತಾಡದ ಬೇಸಿಗೆ ಇಲ್ಲ. ಇಲ್ಲಿಗೆ ಬಂದಾಗ ಮೊಮ್ಮಗಳ ಸ್ಕೇಟನ್ನು ತಲೆಕೆಳಗು ಹಿಡಿದು, ಬೆರಳಿನ ಉಗುರನ್ನು ಅಂಚಿಗೆ ಅಡ್ಡಲಾಗಿ ಎಳೆದು ನೋಡಿದರು. ಉಗುರಿನಿಂದ ಬಿಳಿ ಪುಡಿ ಸಣ್ಣಗೆ ಎದ್ದು ಬಂತು. "ಈ ಕಡೆ ಹಿಡಿಯುತ್ತೆ, ಆ ಕಡೆ ಜಾರುತ್ತಲ್ಲಮ್ಮಾ" ಅಂದರು. ಬ್ಲೇಡ್ ಚೂಪಿದೆಯಾ ಅಂತ ನೋಡುವ ಸರಿಯಾದ ವಿಧಾನವೂ ಅದೇ. ಉಗುರು ಕೆರೆಯಬೇಕು, ಎರಡೂ ಅಂಚಿನಲ್ಲಿ, ಮುಂದಿನಿಂದ ಹಿಂದಿನ ತನಕ.

ಅಂಗಡಿಯಲ್ಲಿ ಸಾಣೆ ಹಿಡಿಸಿದರೆ ಸಾಲದಾ ಅಂತ ಕೇಳುತ್ತಾರೆ. ಒಳ್ಳೆ ಕೈ ಇರುವವರು ಸಿಕ್ಕಿದರೆ ಖಂಡಿತ ಸಾಕು. ತೊಂದರೆ ಬರುವುದು ಎರಡು ಕಡೆ. ಒಂದು, ಸಮಯ. ಮಕ್ಕಳ ಪಂದ್ಯ ಶನಿವಾರ ಬೆಳಿಗ್ಗೆ ಆರೂವರೆಗೆ ಇರುತ್ತದೆ, ಆ ಹೊತ್ತಿಗೆ ಅರೀನಾದಲ್ಲಿ ಕಾಫಿ ಕೂಡ ಸಿಗುವುದಿಲ್ಲ, ಸಾಣೆ ಅಂಗಡಿಯ ಶಟರ್ ಯಾರು ತೆಗೆಯುತ್ತಾರೆ? ಹಾಗಾಗಿ ಶುಕ್ರವಾರ ಸಂಜೆ ಆಫೀಸ್ ಮುಗಿಸಿ, ಟ್ರಾಫಿಕ್‌ನಲ್ಲಿ ಹೋಗಿ, ಎರಡು ಜೊತೆ ಸ್ಕೇಟ್ ಕೊಟ್ಟು, ನಮ್ಮ ಹಾಗೇ ಬಂದ ಬೇರೆ ಅಪ್ಪ ಅಮ್ಮಂದಿರ ಹಿಂದೆ ನಿಂತು ಕಾಯಬೇಕು.

ಎರಡನೆಯದು ಇನ್ನೂ ಮುಖ್ಯ. ಒಂದೊಂದು ಸಲ ಒಂದೊಂದು ತರ. ಈ ವಾರ ಒಬ್ಬರು, ಮುಂದಿನ ವಾರ ಇನ್ನೊಬ್ಬರು. ಕೈಯಲ್ಲಿ ಮಾಡುವ ಸಾಣೆಗೆ ಅಭ್ಯಾಸ ಬೇಕು, ಅದು ಎಲ್ಲರಿಗೂ ಇರುವುದಿಲ್ಲ. ಒಂದು ಅಂಗಡಿಯಲ್ಲಿ ಸಾಣೆ ಹಿಡಿಸಿಕೊಂಡು ಹೋದ ಪಂದ್ಯದಲ್ಲಿ ನನ್ನ ಮಗಳು ಎಡಕ್ಕೆ ತಿರುಗಿದಾಗಲೆಲ್ಲಾ ಕಾಲು ಜಾರಿ ಬೀಳುತ್ತಿದ್ದಳು. ಅವಳಿಗೆ ಯಾಕೆ ಅಂತ ಗೊತ್ತಿಲ್ಲ, ತನಗೇ ಆಡಲು ಬರುತ್ತಿಲ್ಲ ಅಂತ ಕಣ್ಣಲ್ಲಿ ನೀರು. ಕೋಚ್ ಒಂದು ನಾಣ್ಯ ತೆಗೆದು ಬ್ಲೇಡಿನ ಮೇಲೆ ಅಡ್ಡಲಾಗಿ ಇಟ್ಟು ತೋರಿಸಿದರು. ನಾಣ್ಯ ಒಂದು ಪಕ್ಕಕ್ಕೆ ವಾಲಿತ್ತು. ಅಂದರೆ ಒಂದು ಅಂಚು ಎತ್ತರ, ಇನ್ನೊಂದು ತಗ್ಗು. ತಗ್ಗಿನ ಅಂಚು ಐಸ್ ಹಿಡಿಯುವುದೇ ಇಲ್ಲ. ನೀವೂ ಸಾಣೆ ಹಿಡಿಸಿಕೊಂಡು ಬಂದಾಗ ಅಂಗಡಿಯಿಂದ ಹೊರಡುವ ಮೊದಲೇ ಈ ನಾಣ್ಯದ ಪರೀಕ್ಷೆ ಮಾಡಿ. ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಐಸ್ ಮೇಲೆ ಬೀಳುವುದು ನಮ್ಮ ಮಗು.

ಈಗ ಮೆಷಿನ್ ವಿಷಯ. ಸ್ಪಾರ್ಕ್ಸ್ ಅಂದರೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕಂಪನಿ. ಮನೆಯಲ್ಲಿ ಇಟ್ಟುಕೊಳ್ಳುವ ಹಾಗೆ ಮೇಜಿನ ಮೇಲೆ ಕೂರುವ ಪೆಟ್ಟಿಗೆ, ಮಾಮೂಲಿ ಪ್ಲಗ್ ಸಾಕು. ಸ್ಕೇಟನ್ನು ನೆಟ್ಟಗೆ, ಬ್ಲೇಡ್ ಕೆಳಗೆ ಬರುವಂತೆ ಮೇಲಿನ ಸೀಳಿನಲ್ಲಿ ಇಳಿಸಿ, ಹಿಡಿ ತಿರುಗಿಸಿದರೆ ಎರಡು ದವಡೆ ಬ್ಲೇಡನ್ನು ಗಟ್ಟಿಯಾಗಿ ಕಚ್ಚಿ ನಡುವೆ ನಿಲ್ಲಿಸುತ್ತದೆ. ಮುಂದೆ ಹಿಂದೆ ಇರುವ ಮುಚ್ಚಳಗಳನ್ನು ಸ್ಕೇಟಿಗೆ ತಾಗುವ ತನಕ ಸರಿಸಬೇಕು. ಬಾಗಿಲು ಹಾಕಿ, ಎಷ್ಟು ಸಲ ಓಡಬೇಕು ಅಂತ ಆರಿಸಿ, ಬಟನ್ ಒತ್ತಿದರೆ ಆಯಿತು. ಒಳಗೆ ಒಂದು ಚಿಕ್ಕ ರಿಂಗ್ ತಿರುಗುತ್ತಾ ಬ್ಲೇಡಿನ ಕೆಳಗೆ ಆ ತುದಿಯಿಂದ ಈ ತುದಿಗೆ ಹೋಗಿ ಬರುತ್ತದೆ. ಅದೇ ಇದರ ಸಾಣೆಕಲ್ಲು. ಬ್ಲೇಡಿನ ಬಾಗು ಹೇಗಿದೆಯೋ ಹಾಗೇ ಅನುಸರಿಸಿಕೊಂಡು ಹೋಗುತ್ತದೆ. ಮಧ್ಯೆ ಬಾಗಿಲು ತೆಗೆದರೆ ನಿಂತುಬಿಡುತ್ತದೆ, ಮಕ್ಕಳಿರುವ ಮನೆಗೆ ಇದು ದೊಡ್ಡ ಸಮಾಧಾನ. ಸದ್ದು ವ್ಯಾಕ್ಯೂಮ್ ಕ್ಲೀನರ್ ಹಾಕಿದ ಹಾಗೆ, ಅದಕ್ಕಿಂತ ಜಾಸ್ತಿ ಇಲ್ಲ. ಪುಡಿ ಹಿಡಿಯಲು ಫಿಲ್ಟರ್ ಇದೆ. ಆದರೂ ನಾನು ಅಡುಗೆಮನೆ ಹತ್ತಿರ ಇಡಬೇಡಿ ಅಂತಲೇ ಹೇಳುತ್ತೇನೆ. ಗ್ಯಾರೇಜ್ ಅಥವಾ ಬೇಸ್‌ಮೆಂಟ್ ಸರಿ.

ಮುಗಿದ ಮೇಲೆ ಒಂದು ಕೆಲಸ ಮರೆಯಬಾರದು. ಸಾಣೆ ಹಿಡಿದಾಗ ಅಂಚಿನ ಹೊರಗೆ ಕೂದಲೆಳೆಯಷ್ಟು ಲೋಹದ ಸಿಬರು ಉಳಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಉಜ್ಜುವ ಚಿಕ್ಕ ಕಲ್ಲನ್ನು ಬ್ಲೇಡಿನ ಪಕ್ಕಕ್ಕೆ ಚಪ್ಪಟೆಯಾಗಿ ಒತ್ತಿ ಎರಡು ಮೂರು ಸಲ ಎಳೆದರೆ ಹೋಗುತ್ತದೆ. ಕಲ್ಲನ್ನು ಓರೆ ಹಿಡಿದರೆ ಈಗತಾನೇ ಮಾಡಿದ ಅಂಚೇ ಹಾಳು. ನಮ್ಮ ಮನೆಯಲ್ಲಿ ಇದು ದೊಡ್ಡವನ ಕೆಲಸ. ಹದಿಮೂರರೊಳಗಿನವರ ತಂಡದಲ್ಲಿ ಆಡುತ್ತಾನೆ. ತನ್ನ ಸ್ಕೇಟ್ ತಾನೇ ನೋಡಿಕೊಳ್ಳುವುದು ಅವನಿಗೂ ಇಷ್ಟ, ತಂಗಿಯದನ್ನೂ ಉಗುರು ಎಳೆದು ನೋಡಿಯೇ ಕೊಡುತ್ತಾನೆ.

ರಿಂಗ್ ಯಾವುದು ಅನ್ನುವುದೇ ಎಲ್ಲರಿಗೂ ಗೊಂದಲ. 3/8, 1/2, 5/8, 3/4 ಹೀಗೆ ಇಂಚಿನ ಲೆಕ್ಕದಲ್ಲಿ ಬರುತ್ತವೆ. ಆ ಅಂಕಿ ತೋಡಿನ ವೃತ್ತದ ತ್ರಿಜ್ಯ. ಅಂಕಿ ಚಿಕ್ಕದಾದಷ್ಟೂ ತೋಡು ಆಳ, ಅಂಚು ಐಸನ್ನು ಜಾಸ್ತಿ ಕಚ್ಚುತ್ತದೆ, ತಿರುಗಲು ಧೈರ್ಯ, ಆದರೆ ಜಾರುವ ವೇಗ ಸ್ವಲ್ಪ ಕಡಿಮೆ, ನಿಲ್ಲುವಾಗ ಕಾಲಿಗೆ ಜಗ್ಗಿದ ಹಾಗೆ. ಅಂಕಿ ದೊಡ್ಡದಾದರೆ ಉಲ್ಟಾ. ತೂಕ ಕಡಿಮೆ ಇರುವ ಮಕ್ಕಳಿಗೆ ಆಳದ ತೋಡು ಬೇಕು, ಏಕೆಂದರೆ ಐಸ್ ಒಳಗೆ ಅಂಚು ಇಳಿಸುವಷ್ಟು ಭಾರ ಅವರಲ್ಲಿ ಇಲ್ಲ. 1/2 ಇಂಚಿನಿಂದ ಶುರು ಮಾಡಿ. ಹೆಚ್ಚಿನ ಮಕ್ಕಳಿಗೆ ಅದೇ ಸರಿ ಹೋಗುತ್ತದೆ. ನನ್ನ ಮಗ ಉದ್ದವಾಗಿ ತೂಕ ಬಂದ ಮೇಲೆ 5/8 ಕೇಳಿದ, ಈಗ ಅದರಲ್ಲೇ ಖುಷಿಯಾಗಿದ್ದಾನೆ. ಯಾರೋ ದೊಡ್ಡ ಆಟಗಾರ ಇಂಥದ್ದು ಬಳಸುತ್ತಾನೆ ಅಂತ ಸುಮ್ನೆ ಬದಲಿಸಬೇಡಿ. ಬದಲಿಸಿದರೂ ಪಂದ್ಯದ ಹಿಂದಿನ ದಿನ ಬೇಡವೇ ಬೇಡ, ಅಭ್ಯಾಸದ ದಿನ ಮಾಡಿ. ಒಂದು ತೋಡಿನಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯದು ಪೂರ್ತಿ ಅಳಿಯುವ ತನಕ ಜಾಸ್ತಿ ಸಲ ಓಡಿಸಬೇಕು, ಅಷ್ಟು ರಿಂಗೂ ಸವೆಯುತ್ತದೆ.

ದುಡ್ಡಿನ ಲೆಕ್ಕ ಸ್ವಲ್ಪ ವಿವರವಾಗಿ ಹಾಕೋಣ, ಏಕೆಂದರೆ ಮನೆಯಲ್ಲಿ ಜಗಳ ಆಗುವುದೇ ಇಲ್ಲಿ. ಕೆನಡಾದಲ್ಲಿ ಮೆಷಿನ್ ಸಾವಿರ ಡಾಲರ್ ದಾಟುತ್ತದೆ, ಮಾಡೆಲ್ ಮೇಲೆ ವ್ಯತ್ಯಾಸ. ಲೆಕ್ಕಕ್ಕೆ 1,200 ಅಂತ ಹಿಡಿಯಿರಿ. ಒಂದು ರಿಂಗ್ 320 ಸಲ ಓಡುತ್ತದೆ, ಎಷ್ಟು ಉಳಿದಿದೆ ಅಂತ ಮೆಷಿನ್ನೇ ಲೆಕ್ಕ ಇಡುತ್ತದೆ. ಮಾಮೂಲಿ ಸಾಣೆಗೆ ಒಂದು ಸ್ಕೇಟಿಗೆ 4 ಸಲ, ಒಂದು ಜೊತೆಗೆ 8. ಅಂದರೆ ಒಂದು ರಿಂಗ್‌ನಲ್ಲಿ 40 ಜೊತೆ. ರಿಂಗ್‌ಗೆ ನೂರು ಡಾಲರ್ ಅಂತ ಇಟ್ಟುಕೊಂಡರೆ ಜೊತೆಗೆ ಎರಡೂವರೆ ಡಾಲರ್ ಬಿತ್ತು. ಅಂಗಡಿಯಲ್ಲಿ ಎಂಟರಿಂದ ಹತ್ತು ಡಾಲರ್, ಮೇಲೆ ನಮ್ಮ ಒಂಟಾರಿಯೊ ಪ್ರಾಂತ್ಯದ 13% ತೆರಿಗೆ. ಒಂದು ಜೊತೆಗೆ ಏಳು ಡಾಲರ್ ಉಳಿತಾಯ ಅಂದರೆ ಸುಮಾರು 170 ಜೊತೆ ಆದ ಮೇಲೆ ಮೆಷಿನ್ ದುಡ್ಡು ವಾಪಸ್. ಸೆಪ್ಟೆಂಬರ್‌ನಿಂದ ಮಾರ್ಚ್ ತನಕ ವಾರಕ್ಕೊಂದು ಸಲ ಇಬ್ಬರು ಮಕ್ಕಳಿಗೆ ಮಾಡಿದರೆ ಸುಮಾರು ಮೂರು ಸೀಸನ್. ಒಬ್ಬರೇ ಆದರೆ ಆರು ವರ್ಷದ ಹತ್ತಿರ ಬೇಕಾಗುತ್ತದೆ, ಅಷ್ಟರಲ್ಲಿ ಮಗು ಹಾಕಿ ಬಿಟ್ಟು ಬ್ಯಾಸ್ಕೆಟ್‌ಬಾಲ್ ಹಿಡಿದರೂ ಹಿಡಿಯಿತು. ಪೆಟ್ರೋಲು ಮತ್ತು ಶುಕ್ರವಾರದ ಸಂಜೆಗೆ ಬೆಲೆ ಕಟ್ಟಿಲ್ಲ, ಅದು ನಿಮಗೆ ಬಿಟ್ಟಿದ್ದು. ನನಗಂತೂ ಆ ಸಂಜೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುವುದು ತುಂಬಾ ದೊಡ್ಡದು. ಹಾಕಿ ಶುರುವಾದ ಮೇಲೆ ಅದು ತಪ್ಪೇ ಹೋಗಿತ್ತು.

ಇದರಿಂದ ಆಗದ ಕೆಲಸಗಳೂ ಇವೆ. ಬ್ಲೇಡಿನ ಉದ್ದದ ಬಾಗನ್ನು ಬದಲಿಸುವುದು, ಅದಕ್ಕೆ ಪ್ರೊಫೈಲಿಂಗ್ ಅನ್ನುತ್ತಾರೆ, ಇದರಲ್ಲಿ ಆಗುವುದಿಲ್ಲ. ಇರುವ ಬಾಗನ್ನೇ ಉಳಿಸುತ್ತದೆ ಅಷ್ಟೆ. ಕಾಂಕ್ರೀಟ್ ಮೇಲೆ ನಡೆದು ದೊಡ್ಡ ಕಚ್ಚು ಬಿದ್ದಿದ್ದರೆ ಅನುಭವ ಇರುವವರ ಕೈಗೆ ಕೊಡುವುದೇ ಒಳ್ಳೆಯದು. ಹಾಗಾಗಿ ಒಳ್ಳೆ ಸಾಣೆಗಾರರು ನಿಮ್ಮ ಹತ್ತಿರ ಇದ್ದರೆ ಅವರ ಸ್ನೇಹ ಬಿಡಬೇಡಿ. ವರ್ಷಕ್ಕೊಂದು ಸಲವಾದರೂ ಅವರಿಗೆ ತೋರಿಸಿ.

ಮೆಷಿನ್ ಇದೆ ಅಂತ ಬ್ಲೇಡ್ ಕಡೆ ಗಮನ ಕಡಿಮೆ ಆಗಬಾರದು. ಸಾಣೆ ಹಿಡಿದಷ್ಟೂ ಬ್ಲೇಡ್ ಸವೆಯುತ್ತದೆ. ಐಸ್‌ನಿಂದ ಬಂದ ತಕ್ಷಣ ಒಣಬಟ್ಟೆಯಲ್ಲಿ ಒರೆಸಬೇಕು, ಬ್ಲೇಡ್ ಹಿಡಿದಿರುವ ಪ್ಲಾಸ್ಟಿಕ್‌ನ ಸಂದಿಯನ್ನೂ ಬಿಡದೆ. ಬ್ಲೇಡಿಗೆ ಹಾಕುವ ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ಐಸ್ ಹೊರಗೆ ನಡೆಯಲು ಮಾತ್ರ. ಅದನ್ನೇ ಹಾಕಿ ಬ್ಯಾಗ್ ಒಳಗೆ ಇಟ್ಟರೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಬ್ಯಾಗ್‌ಗೆ ಹೋಗುವಾಗ ಸೋಕರ್, ಅಂದರೆ ನೀರು ಹೀರುವ ಬಟ್ಟೆಯ ಹೊದಿಕೆ, ಹಾಕಿ. ಮನೆಗೆ ಬಂದ ಮೇಲೆ ಸ್ಕೇಟನ್ನು ಬ್ಯಾಗ್‌ನಿಂದ ಹೊರಗೆ ತೆಗೆದಿಡಿ.

ಇನ್ನು, ಈಗಷ್ಟೇ ಶುರು ಮಾಡುವವರಿಗೆ ಒಂದು ಮಾತು. ಮೊದಲ ದುಡ್ಡು ಮೆಷಿನ್‌ಗೆ ಹಾಕಬೇಡಿ. ಸಿಎಸ್‌ಎ (ಕೆನಡಾದ ಗುಣಮಟ್ಟ ಸಂಸ್ಥೆ) ಗುರುತಿರುವ ಹೆಲ್ಮೆಟ್, ಮುಖಕ್ಕೆ ಪೂರ್ತಿ ಬಲೆ, ಬಿಎನ್‌ಕ್ಯು (ಕ್ವಿಬೆಕ್‌ನ ಗುಣಮಟ್ಟ ಸಂಸ್ಥೆ) ಗುರುತಿರುವ ಕತ್ತಿನ ಗಾರ್ಡ್, ಇವು ಮೊದಲು. ಕತ್ತಿನ ಗಾರ್ಡ್ ಇಲ್ಲಿ ಮಕ್ಕಳಿಗೆ ಕಡ್ಡಾಯ. 2023ರಲ್ಲಿ ಇಂಗ್ಲೆಂಡಿನ ಪಂದ್ಯವೊಂದರಲ್ಲಿ ಆಡಮ್ ಜಾನ್ಸನ್ ಅನ್ನುವ ಆಟಗಾರ ಸ್ಕೇಟ್ ಬ್ಲೇಡ್ ಕತ್ತಿಗೆ ತಾಗಿ ತೀರಿಕೊಂಡ ಮೇಲೆ ಅದು ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾವು ಮನೆಯಲ್ಲಿ ಕೂತು ಚೂಪು ಮಾಡುತ್ತಿರುವುದು ಎಂಥ ವಸ್ತು ಅನ್ನುವುದು ಮನಸ್ಸಿನಲ್ಲಿ ಇರಲಿ. ಸಾಣೆ ಹಿಡಿದ ಸ್ಕೇಟನ್ನು ಚಿಕ್ಕ ಮಕ್ಕಳ ಕೈಗೆ ಸೋಕರ್ ಹಾಕಿಯೇ ಕೊಡಿ.

ಸ್ಕೇಟ್ ಕೊಳ್ಳುವಾಗ ಶೂ ಸೈಜ್ ಹೇಳಬೇಡಿ. ಸಾಮಾನ್ಯವಾಗಿ ಅದಕ್ಕಿಂತ ಒಂದರಿಂದ ಒಂದೂವರೆ ಸೈಜ್ ಕಡಿಮೆ ಬರುತ್ತದೆ. ಮುಂದಿನ ವರ್ಷಕ್ಕೂ ಆಗಲಿ ಅಂತ ದೊಡ್ಡದು ಕೊಡಿಸುವುದು ನಮ್ಮವರ ಅಭ್ಯಾಸ. ಸ್ವೆಟರ್‌ಗೆ ಅದು ಸರಿ, ಸ್ಕೇಟ್‌ಗೆ ಬೇಡ. ಹಿಮ್ಮಡಿ ಒಳಗೆ ಅಲುಗಾಡಿದರೆ ಎಷ್ಟು ಒಳ್ಳೆ ಸಾಣೆ ಇದ್ದರೂ ವ್ಯರ್ಥ. ಅದರ ಬದಲು ಬಳಸಿದ ಸ್ಕೇಟ್ ಸರಿಯಾದ ಅಳತೆಯಲ್ಲಿ ತಗೊಳ್ಳಿ, ಬ್ಲೇಡ್ ಎಷ್ಟು ಉಳಿದಿದೆ ಅಂತ ನೋಡಿ. ಹೊಸ ಸ್ಕೇಟ್ ಆದರೆ ಸಾಣೆ ಆಗಿದೆಯಾ ಕೇಳಿ, ಎಷ್ಟೋ ಸಲ ಡಬ್ಬದಿಂದ ಬರುವಾಗ ಆಗಿರುವುದಿಲ್ಲ. ಮಗು 6ರಿಂದ 10 ವರ್ಷದೊಳಗಿದ್ದು ಇದುವರೆಗೆ ಹಾಕಿಗೆ ಹೆಸರು ಬರೆಸಿಲ್ಲ ಅಂದರೆ ಫಸ್ಟ್ ಶಿಫ್ಟ್ ಅನ್ನುವ ಕಾರ್ಯಕ್ರಮ ನಿಮ್ಮ ಊರಿನಲ್ಲಿ ಇದೆಯಾ ಮೊದಲು ವಿಚಾರಿಸಿ. ತಲೆಯಿಂದ ಕಾಲಿನ ತನಕ ಸಾಮಾನು ಕೊಟ್ಟು, ಐಸ್ ಮೇಲೆ ಕಲಿಸುತ್ತಾರೆ. ಆ ಸಾಮಾನನ್ನೆಲ್ಲಾ ಅಂಗಡಿಯಲ್ಲಿ ಬಿಡಿಯಾಗಿ ಕೊಂಡರೆ ಆಗುವ ಖರ್ಚಿಗೆ ಹೋಲಿಸಿದರೆ ಅವರ ಶುಲ್ಕ ತುಂಬಾ ಕಡಿಮೆ.

ಒಂದೇ ಮಗು ಇದ್ದೂ ಈ ಮೆಷಿನ್ ಬೇಕೇ ಬೇಕು ಅನ್ನಿಸಿದರೆ ತಂಡದ ಎರಡು ಮೂರು ಮನೆಯವರು ಸೇರಿ ತಗೊಳ್ಳಿ. ನಾವು ಅಕ್ಕಪಕ್ಕದ ಮಕ್ಕಳ ಸ್ಕೇಟನ್ನೂ ಮಾಡಿಕೊಡುತ್ತೇವೆ, ರಿಂಗ್ ಖರ್ಚು ಮಾತ್ರ ಹಂಚಿಕೊಳ್ಳುತ್ತೇವೆ. ಹಂಚಿಕೊಳ್ಳುವುದಾದರೆ ಎಲ್ಲ ಮಕ್ಕಳ ತೋಡಿನ ಅಳತೆ ಒಂದೇ ಇರುವ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ದಿನಾ ರಿಂಗ್ ಬದಲಿಸುವುದೇ ಆಗುತ್ತದೆ. ರಿಂಗ್ ಬದಲಿಸಿದ ಮೇಲೆ ಅಂಚು ಎರಡೂ ಸಮ ಬರುತ್ತಿದೆಯಾ ಅಂತ ಮೊದಲ ಜೊತೆಯಲ್ಲೇ ನಾಣ್ಯ ಇಟ್ಟು ನೋಡಿ, ಸರಿ ಇಲ್ಲದಿದ್ದರೆ ಹೊಂದಿಸುವ ವಿಧಾನ ಮೆಷಿನ್ ಜೊತೆ ಬರುವ ಪುಸ್ತಕದಲ್ಲಿದೆ. ಸೀಸನ್ ಶುರುವಾಗುವ ಮೊದಲು, ಆಗಸ್ಟ್‌ನಲ್ಲೇ, ಒಂದು ರಿಂಗ್ ಮತ್ತು ಒಂದು ಫಿಲ್ಟರ್ ಜಾಸ್ತಿ ತರಿಸಿಟ್ಟುಕೊಳ್ಳಿ.