ಇನ್‌ಸ್ಟಾಲ್ ಮಾಡುವಾಗ ವೈಫೈ ಕಾಣದಿದ್ದರೆ: ಟೆದರಿಂಗ್, ಕೇಬಲ್, ಫರ್ಮ್‌ವೇರ್, ಡಾಂಗಲ್, ಹೊಸ ಕಾರ್ಡ್

ಲಿನಕ್ಸ್ ಹಾಕಲು ಕೂತಾಗ ವೈಫೈ ಪಟ್ಟಿಯೇ ತೆರೆಯದಿದ್ದರೆ ಹಿಡಿಯಬಹುದಾದ ದಾರಿ ಐದು. ಐದನ್ನೂ ಮಾಡಿ ನೋಡಿದವರಾಗಿ ನಮ್ಮ ಮಾತು ಇಷ್ಟು: ಫೋನಿನ ಯುಎಸ್‌ಬಿ ಟೆದರಿಂಗ್‌ನಲ್ಲಿ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಕೊಡುವುದು) ಇನ್‌ಸ್ಟಾಲ್ ಮುಗಿಸಿ, ಒಳಗಿನ ವೈಫೈ ಕಾರ್ಡನ್ನು ಆಮೇಲೆ ಸರಿಪಡಿಸಿ. ಎರಡನ್ನೂ ಒಟ್ಟಿಗೇ ಮಾಡಹೊರಟರೆ ಸಮಯ ಹಾಳಾಗುತ್ತದೆ.

ದಾರಿ ಆರಿಸುವ ಮೊದಲು ತೊಂದರೆ ಯಾವುದೆಂದು ತಿಳಿಯಬೇಕು. ಲೈವ್ ಸೆಷನ್‌ನ (ಡಿಸ್ಕಿಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಟರ್ಮಿನಲ್‌ನಲ್ಲಿ, ಕಂಪ್ಯೂಟರಿನೊಳಗಿನ ಕಾರ್ಡುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಕಮಾಂಡನ್ನು ಎನ್‌ಎನ್‌ಕೆ ಆಯ್ಕೆಯೊಂದಿಗೆ (lspci -nnk) ಓಡಿಸಿ. ಚೌಕ ಆವರಣದೊಳಗಿನ ಐಡಿ 8086 ಎಂದು ಶುರುವಾದರೆ ಕಾರ್ಡ್ ಇಂಟೆಲ್‌ನದು, 14ಇ4 ಆದರೆ ಬ್ರಾಡ್‌ಕಾಮ್, 10ಇಸಿ ಆದರೆ ರಿಯಲ್‌ಟೆಕ್. ಬಳಕೆಯಲ್ಲಿರುವ ಡ್ರೈವರ್‌ನ (ಕಾರ್ಡನ್ನು ನಡೆಸುವ ತಂತ್ರಾಂಶ) ಸಾಲೇ ಇಲ್ಲದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಡ್ರೈವರ್ ಸಿಕ್ಕಿಲ್ಲ. ಆ ಸಾಲು ಇದ್ದೂ ವೈಫೈ ಬಾರದಿದ್ದರೆ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಕಮಾಂಡಿನಲ್ಲಿ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ಪುಟ್ಟ ತಂತ್ರಾಂಶ) ಲೋಡ್ ಆಗದ ಸಾಲನ್ನು ಹುಡುಕಿ. ಕೊನೆಯಲ್ಲಿ ಮೈನಸ್ 2 ಎಂಬ ದೋಷಸಂಖ್ಯೆ ಕಂಡರೆ ಫೈಲ್ ಡಿಸ್ಕಿನಲ್ಲಿ ಇಲ್ಲವೆಂದೇ ಅರ್ಥ. ಬೇಕಾದ ಫೈಲಿನ ಹೆಸರೂ ಅದೇ ಸಾಲಿನಲ್ಲಿ ಇರುತ್ತದೆ, ಬರೆದಿಟ್ಟುಕೊಳ್ಳಿ. ಎರಡೂ ಸರಿಯಿದ್ದರೆ, ವೈಫೈಯನ್ನು ಯಾರಾದರೂ ತಡೆದಿದ್ದಾರೆಯೇ ಎಂದು ತೋರಿಸುವ ಆರ್‌ಎಫ್‌ಕಿಲ್ ಪಟ್ಟಿ (rfkill list) ನೋಡಿ. ಸಾಫ್ಟ್ ಬ್ಲಾಕ್ ಕಮಾಂಡಿನಿಂದ ತೆರೆಯುತ್ತದೆ. ಹಾರ್ಡ್ ಬ್ಲಾಕ್ ತೆರೆಯಲು ಲ್ಯಾಪ್‌ಟಾಪ್ ಅಂಚಿನ ಸ್ವಿಚ್, ಎಫ್ಎನ್ ಕೀ ಅಥವಾ ಬಯಾಸ್ ಸೆಟ್ಟಿಂಗೇ ಬೇಕು. ಅದಕ್ಕೆ ಎಷ್ಟು ಡ್ರೈವರ್ ಹಾಕಿದರೂ ಉಪಯೋಗವಿಲ್ಲ.

ಆಂಡ್ರಾಯ್ಡ್ ಟೆದರಿಂಗ್ ಗೆಲ್ಲುವುದು ಒಂದೇ ಕಾರಣಕ್ಕೆ: ಅದಕ್ಕೆ ಬೇಕಾದ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ, ಫರ್ಮ್‌ವೇರ್ ಫೈಲ್ ಬೇಕಿಲ್ಲ. ಕೇಬಲ್ ಚುಚ್ಚಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇನ್‌ಸ್ಟಾಲರ್‌ಗೆ ಅದು ತಂತಿಯ ನೆಟ್‌ವರ್ಕ್ ಆಗಿ ಕಾಣುತ್ತದೆ, ವಿಳಾಸ ತಾನಾಗಿ ಬರುತ್ತದೆ. ಫೋನ್ ಮನೆಯ ವೈಫೈಯಲ್ಲಿದ್ದರೆ ಅದನ್ನೇ ದಾಟಿಸುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಫೋನಿನ ಟೆದರಿಂಗ್ ಸ್ವಿಚ್ ಮಸುಕಾಗಿಯೇ ಉಳಿದರೆ ಬಹುಪಾಲು ತಪ್ಪು ಕೇಬಲ್‌ನದು. ಚಾರ್ಜಿಂಗ್‌ಗೆ ಮಾತ್ರ ಇರುವ ಕೇಬಲ್‌ನಲ್ಲಿ ಡೇಟಾ ತಂತಿ ಇರುವುದಿಲ್ಲ. ನಡುವೆ ಕೇಬಲ್ ಅಲುಗಾಡಿದರೆ ಟೆದರಿಂಗ್ ಆಫ್ ಆಗುತ್ತದೆ, ಮತ್ತೆ ಆನ್ ಮಾಡಬೇಕು. ಐಫೋನ್‌ಗೆ ಡ್ರೈವರ್ ಸಾಲದು. ಫೋನನ್ನು ಜೋಡಿಸಿ ಕೊಡುವ ಯುಎಸ್‌ಬಿಮಕ್ಸ್‌ಡಿ ಎಂಬ ಸೇವೆಯೂ ಬೇಕು. ಡೆಸ್ಕ್‌ಟಾಪ್ ಇರುವ ಲೈವ್ ಚಿತ್ರಿಕೆಗಳಲ್ಲಿ (ಪೆನ್‌ಡ್ರೈವ್‌ಗೆ ಬರೆಯುವ ಇನ್‌ಸ್ಟಾಲ್ ಫೈಲ್, ಐಎಸ್‌ಒ) ಅದು ಸಿಗುವ ಸಾಧ್ಯತೆ ಹೆಚ್ಚು, ಬರೀ ಪಠ್ಯದ ಇನ್‌ಸ್ಟಾಲರ್‌ಗಳಲ್ಲಿ ಕಡಿಮೆ.

ಮನೆಯಲ್ಲಿ ರೌಟರ್ ಹತ್ತಿರವಿದ್ದರೆ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಟೆದರಿಂಗ್‌ಗಿಂತ ಗಟ್ಟಿ. ರಿಯಲ್‌ಟೆಕ್ ಆರ್‌ಟಿಎಲ್8153 ಅಥವಾ ಎಎಸ್‌ಐಎಕ್ಸ್ ಎಎಕ್ಸ್88179 ಚಿಪ್ ಇರುವುದನ್ನೇ ಕೊಳ್ಳಿ. ಎರಡಕ್ಕೂ ಡ್ರೈವರ್ ಕರ್ನಲ್‌ನಲ್ಲೇ ಇದೆ.

ಫರ್ಮ್‌ವೇರನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವ ಹಳೆಯ ಪದ್ಧತಿಗೆ ಈಗ ಅಷ್ಟು ಕೆಲಸವಿಲ್ಲ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ, 2023ರ ಜೂನ್‌ನಲ್ಲಿ ಬಂದ ಆವೃತ್ತಿ 12ರಿಂದ ಅಧಿಕೃತ ಚಿತ್ರಿಕೆಯಲ್ಲೇ ಮುಕ್ತವಲ್ಲದ ಫರ್ಮ್‌ವೇರ್ ಸೇರಿದೆ. ಡೆಬಿಯನ್ 11 ಹಾಕಲೇಬೇಕಾದರೆ, ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಫರ್ಮ್‌ವೇರ್ (firmware) ಎಂಬ ಹೆಸರಿನ ಫೋಲ್ಡರ್ ಮಾಡಿ ಸಂಬಂಧಪಟ್ಟ ಡೆಬ್ ಫೈಲನ್ನು (ಡೆಬಿಯನ್‌ನ ಪ್ಯಾಕೇಜ್ ಫೈಲ್) ಹಾಕಿಡಿ, ಇನ್‌ಸ್ಟಾಲರ್ ಕೇಳಿದಾಗ ಚುಚ್ಚಿ. ಇಂಟೆಲ್ ಕಾರ್ಡಿಗೆ ಇಷ್ಟೇ ಸಾಕು.

ಬ್ರಾಡ್‌ಕಾಮ್ ಬಿಸಿಎಂ43142, ಬಿಸಿಎಂ4352 ಕಾರ್ಡುಗಳಿಗೆ ಮಾತ್ರ ಈ ದಾರಿ ಹಿಡಿಯಬೇಡಿ. ಅವುಗಳಿಗೆ ಬೇಕಿರುವುದು ಡಬ್ಲ್ಯುಎಲ್ ಎಂಬ ಮುಚ್ಚಿದ ಡ್ರೈವರ್. ಅದು ಆಯಾ ಕರ್ನಲ್‌ಗೆ ಕಂಪೈಲ್ ಆಗಬೇಕು, ಅಂದರೆ ನಿಮ್ಮ ಕಂಪ್ಯೂಟರಿನಲ್ಲೇ ತಯಾರಾಗಬೇಕು. ಕಂಪೈಲ್ ಮಾಡುವ ಜಿಸಿಸಿ, ಕರ್ನಲ್ ಬದಲಾದಾಗ ಡ್ರೈವರನ್ನು ಮತ್ತೆ ಕಟ್ಟುವ ಡಿಕೆಎಂಎಸ್, ಜೊತೆಗೆ ಓಡುತ್ತಿರುವ ಕರ್ನಲ್‌ನದೇ ಆವೃತ್ತಿಯ ಹೆಡರ್‌ಗಳು (ಕಂಪೈಲ್‌ಗೆ ಬೇಕಾದ ಕರ್ನಲ್ ಫೈಲುಗಳು) ಇರಬೇಕು. ನೆಟ್ ಇಲ್ಲದೆ ಇವನ್ನೆಲ್ಲ ಒಂದೊಂದಾಗಿ ಹೊತ್ತು ತಂದರೆ ಒಂದು ಪ್ಯಾಕೇಜ್ ಇನ್ನೊಂದನ್ನು ಕೇಳುತ್ತಲೇ ಹೋಗುತ್ತದೆ. ಟೆದರಿಂಗ್ ಇದ್ದರೆ ಇದೇ ಕೆಲಸ ಒಂದೆರಡು ಕಮಾಂಡಿನದು. ಕಂಪೈಲ್ ಆದ ಮೇಲೂ ಎರಡು ಕಡೆ ಎಡವಬಹುದು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿಯಿರುವ ತಂತ್ರಾಂಶವನ್ನಷ್ಟೇ ಓಡಗೊಡುವ ಬಯಾಸ್ ಸೆಟ್ಟಿಂಗ್) ಆನ್ ಇದ್ದರೆ ಸಹಿಯಿಲ್ಲದ ಮಾಡ್ಯೂಲನ್ನು (ಕರ್ನಲ್‌ಗೆ ಸೇರುವ ಡ್ರೈವರ್ ತುಣುಕು) ಕರ್ನಲ್ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಕೊಟ್ಟು, ರೀಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ಕೀ ನೋಂದಾಯಿಸಬೇಕು, ಇಲ್ಲವೇ ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ಎರಡನೆಯದು, ಬಿ43, ಬಿಸಿಎಂಎ, ಎಸ್‌ಎಸ್‌ಬಿ ಎಂಬ ಮುಕ್ತ ಮಾಡ್ಯೂಲ್‌ಗಳು ಮೊದಲೇ ಕಾರ್ಡನ್ನು ಹಿಡಿದಿದ್ದರೆ ಅವನ್ನು ಇಳಿಸಿದ ಮೇಲೆಯೇ ಡಬ್ಲ್ಯುಎಲ್ ಕೆಲಸ ಮಾಡುತ್ತದೆ.

ಯುಎಸ್‌ಬಿ ಕಿಂಡಿಗೆ ಚುಚ್ಚುವ ವೈಫೈ ಡಾಂಗಲ್ ನಮ್ಮ ಪಟ್ಟಿಯಲ್ಲಿ ಕೆಳಗಿದೆ. ಡಬ್ಬಿಯ ಮೇಲಿನ ಮಾಡೆಲ್ ಹೆಸರು ಒಂದೇ ಇದ್ದರೂ ಆವೃತ್ತಿ ಬದಲಾದಂತೆ ಒಳಗಿನ ಚಿಪ್ ಬದಲಾಗಿರುತ್ತದೆ. ಮೀಡಿಯಾಟೆಕ್ ಎಂಟಿ7612ಯು ಚಿಪ್‌ಗೆ ಕರ್ನಲ್ 4.19ರಿಂದಲೇ ಬೆಂಬಲವಿದೆ, ಬಹಳ ಕಡೆ ಸಿಗುವ ಆರ್‌ಟಿಎಲ್8812ಎಯುಗೆ ಬೆಂಬಲ ಬಂದದ್ದು 6.14ರಲ್ಲಿ. ಕೆಲವು ಡಾಂಗಲ್‌ಗಳು ವಿಂಡೋಸ್ ಡ್ರೈವರ್ ತುಂಬಿದ ಸಿಡಿಯ ವೇಷದಲ್ಲಿ ಮೊದಲು ಕಾಣಿಸಿಕೊಳ್ಳುತ್ತವೆ. ಆ ಸಿಡಿಯನ್ನು ಇಜೆಕ್ಟ್ ಮಾಡಿದರೆ ವೈಫೈ ಹೊರಬರುತ್ತದೆ.

ಕಾರ್ಡ್ ಬದಲಿಸುವುದೇ ಶಾಶ್ವತ ಪರಿಹಾರ, ಅದರಲ್ಲೂ ಬ್ರಾಡ್‌ಕಾಮ್ ಇರುವವರಿಗೆ. ಪ್ರತಿ ಕರ್ನಲ್ ಅಪ್‌ಡೇಟ್‌ನಲ್ಲೂ ಡ್ರೈವರ್ ಉಳಿಯಿತೇ ಎಂದು ನೋಡುತ್ತಾ ಕೂರಬೇಕಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿರುವ ಎಂ.2 2230 ಅಳತೆಯ ಕಾರ್ಡ್ ಸ್ಲಾಟ್ ಇದ್ದರೆ ಇಂಟೆಲ್ ಎಎಕ್ಸ್210 ಸರಿ, ಕರ್ನಲ್ 5.10 ಅಥವಾ ಮುಂದಿನದು ಇರಲಿ. ಎಎಕ್ಸ್211 ಕೊಳ್ಳಬೇಡಿ: ಅದರ ಅರ್ಧ ಕೆಲಸ ಇಂಟೆಲ್ ಪ್ರೊಸೆಸರ್ ಬದಿಯಲ್ಲೇ ನಡೆಯುವುದರಿಂದ, ಅದಕ್ಕಾಗಿ ಮಾಡಿದ ಬೋರ್ಡ್‌ನಲ್ಲಿ ಮಾತ್ರ ನಡೆಯುತ್ತದೆ. ಹಳೆಯ ಮಿನಿ ಪಿಸಿಐಇ ಕಾರ್ಡಿನ ಆಂಟೆನಾ ಕನೆಕ್ಟರ್ ದೊಡ್ಡದು, ಎಂ.2 ಕಾರ್ಡಿನದು ಚಿಕ್ಕದು. ಒತ್ತಿ ಕೂರಿಸಹೋದರೆ ಮುರಿಯುತ್ತದೆ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲೂ ಬಿಡುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲೇ ಮಾಡೆಲ್ ಹೆಸರಿನೊಂದಿಗೆ ಹುಡುಕಿ ನೋಡಿ. ಕೈ ಹಾಕುವಾಗ ಬ್ಯಾಟರಿ ಕನೆಕ್ಟರ್ ತೆಗೆದಿರಬೇಕು.

ಯಾವ ದಾರಿಯಲ್ಲಿ ನೆಟ್ ತಂದರೂ ರೀಬೂಟ್‌ಗೆ ಮುಂಚೆ ಒಂದು ಕೆಲಸ ಬಾಕಿಯಿದೆ. ಲೈವ್ ಸೆಷನ್‌ನ ಫರ್ಮ್‌ವೇರ್, ವೈಫೈ ಪಾಸ್‌ವರ್ಡ್ ತಾವಾಗಿ ಹೊಸ ಸಿಸ್ಟಮ್‌ಗೆ ಹೋಗುತ್ತವೆಂದು ನಂಬಬೇಡಿ. ಆರ್ಚ್‌ನಂಥ, ಎಲ್ಲವನ್ನೂ ನೀವೇ ಆರಿಸಿ ಹಾಕಬೇಕಾದ ಲಿನಕ್ಸ್‌ಗಳಲ್ಲಿ ಲಿನಕ್ಸ್-ಫರ್ಮ್‌ವೇರ್ ಮತ್ತು ನೆಟ್ ಜೋಡಿಸುವ ನೆಟ್‌ವರ್ಕ್‌ಮ್ಯಾನೇಜರ್ ಎರಡೂ ಪ್ಯಾಕೇಜನ್ನು ಕೈಯಾರೆ ಹಾಕಿ, ಎರಡನೆಯದರ ಸೇವೆಯನ್ನು ಎನೇಬಲ್ ಮಾಡಿದ ಮೇಲೆಯೇ ಪೆನ್‌ಡ್ರೈವ್ ತೆಗೆಯಿರಿ.